ಮುದುಕಿಯ ಕಡೇ ಹಂಗಾಮು

ಕಳೆದ ತಿಂಗಳು, ಗಂಗಾವತಿಯಲ್ಲಿ ನಾನು ಕೆಲಸಕ್ಕಿರುವ ಅಕ್ಕಿ ಗಿರಣಿಯಲ್ಲಿ, ಜನರೇಟರಿನ ಎಣ್ಣೆ ಕೊಳವೆ ಬಿರುಕು ಬಿಟ್ಟಿತು. ಬಿಸಿ ಎಣ್ಣೆ ಕಾದ ಕಬ್ಬಿಣದ ಮೇಲೆ ಚಿಮ್ಮಿ ನೀಲಿ ಹೊಗೆ ಎದ್ದಿತು. ದೊಡ್ಡ ಅನಾಹುತವೇನೂ ಅಲ್ಲ. ಯಂತ್ರ ನಿಲ್ಲಿಸಿ, ಕೊಳವೆ ಬದಲಿಸಿ, ಅರ್ಧ ದಿನದಲ್ಲಿ ಮತ್ತೆ ಶುರು ಮಾಡಿದೆವು. ಆದರೆ ಆ ವಾಸನೆ ಮೂಗಿಗೆ ಹೊಡೆದ ಕೂಡಲೇ ನನ್ನ ಎರಡೂ ಕಾಲುಗಳು ತಾವಾಗಿಯೇ ಅಗಲಕ್ಕೆ ಸರಿದು ಗಟ್ಟಿಯಾಗಿ ನಿಂತವು. ನೆಲ ಓಲಾಡುವ ಕಡೆ ಮನುಷ್ಯ ಹಾಗೆ ನಿಲ್ಲುತ್ತಾನೆ. ಗಂಗಾವತಿಯ ನೆಲ ಓಲಾಡುವುದಿಲ್ಲ. ಸುತ್ತ ಇದ್ದದ್ದು ಕುದಿಸಿದ ಭತ್ತದ ಹಬೆ, ಹೊಟ್ಟಿನ ಧೂಳು, ಗೇಟಿನಾಚೆ ಲಾರಿಗಳ ಸಾಲು.

ಗಿರಣಿಯ ಮಾಲೀಕರು ಹತ್ತಿರ ಬಂದರು. "ಯಾಕ್ರಿ ಯಮನೂರಪ್ಪ, ಒಮ್ಮಿಂದೊಮ್ಮೆ ಹಂಗ್ಯಾಕ ನಿಂತ್ರಿ? ಚಕ್ಕರ್ ಬಂತೇನು?"

"ಇಲ್ರಿ ಸಾವಕಾರ್ರ, ಹಳೇ ನೌಕರಿ ನೆನಪಾತು" ಎಂದೆ.

ಅವರು ನಕ್ಕು ಹೋದರು. ನನಗೆ ಆ ದಿನವಿಡೀ ಬೇರೆ ಕೆಲಸ ಮನಸ್ಸಿಗೆ ಹತ್ತಲಿಲ್ಲ.

ಹಳೆಯ ನೌಕರಿ ಎಂದರೆ ನೌಕಾಪಡೆ. ತಾವರಗೇರಾದಂಥ ಊರಲ್ಲಿ ಹುಟ್ಟಿದವನು, ಭಾವಿಯ ತಳದಲ್ಲಿ ನೀರು ಕಂಡರೆ ಹಿಗ್ಗುವ ಮನೆಯವನು, ಹಡಗಿನಲ್ಲಿ ಇಂಜಿನ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಊರವರಿಗೆ ಅದು ಕೊನೆಯವರೆಗೂ ಅರ್ಥವಾಗಲಿಲ್ಲ. ನಾನು ರಜೆಗೆ ಬಂದಾಗಲೆಲ್ಲ ಕಟ್ಟೆಯ ಮೇಲಿನ ಹಿರಿಯರು, "ಮಿಲ್ಟ್ರಿಯವ ಬಂದಾನ" ಎನ್ನುತ್ತಿದ್ದರು. ಗಡಿಯಲ್ಲಿ ಬಂದೂಕು ಹಿಡಿದು ನಿಲ್ಲುತ್ತೇನೆಂದೇ ಅವರ ಎಣಿಕೆ. ನಾನೂ ತಿದ್ದಲು ಹೋಗುತ್ತಿರಲಿಲ್ಲ.

ಹಲವು ಹಡಗುಗಳಲ್ಲಿ ಕೆಲಸ ಮಾಡಿದೆ. ನೆನಪಿನಲ್ಲಿ ಉಳಿದದ್ದು ಒಂದೇ ಹಡಗು, ಆ ಹಡಗಿನ ಕೊನೆಯ ವರ್ಷ. ಅದು ಡಿಸ್ಟ್ರಾಯರ್ ಜಾತಿಯದು, ಕನ್ನಡದಲ್ಲಿ ವಿಧ್ವಂಸಕ ನೌಕೆ ಎನ್ನುತ್ತಾರೆ. ಅದರ ಅಧಿಕೃತ ಹೆಸರು ಇಲ್ಲಿ ಬೇಡ. ಹಿಂದಿ ಮಾತಾಡುವ ಹುಡುಗರು ಅದನ್ನು 'ಬುಢಿಯಾ' ಎನ್ನುತ್ತಿದ್ದರು. ಕನ್ನಡದ ನಮ್ಮಿಬ್ಬರಿಗೆ ಆಕೆ 'ಮುದುಕಿ'.

ನಮ್ಮಿಬ್ಬರಿಗೆ ಎಂದೆನಲ್ಲ, ಇನ್ನೊಬ್ಬರು ಇಂಜಿನ್ ವಿಭಾಗದ ಚೀಫ್ ಕಳಕಪ್ಪ. ಕುಕನೂರಿನವರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ನನ್ನ ಮೇಲಿನ ಅಧಿಕಾರಿ. ಎತ್ತರದ ಆಳು, ದೊಡ್ಡ ದನಿ, ಅದಕ್ಕಿಂತ ದೊಡ್ಡ ಮಾತು. ಗಪ್ಪು ಕೂಡುವುದು ಅವರ ಜಾತಕದಲ್ಲೇ ಇರಲಿಲ್ಲ. ನಾನು ಆ ಹಡಗಿಗೆ ವರ್ಗವಾಗಿ ಹೋದ ಮೊದಲ ದಿನ ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿ, ಸುತ್ತ ಇದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದ್ದರು. "ಯಮನೂರಪ್ಪ! ಈ ಹೆಸರು ನಮ್ಮ ಸೀಮಿ ಬಿಟ್ರ ಬ್ಯಾರೆ ಕಡೆ ಹುಟ್ಟಾಂಗಿಲ್ಲ. ಯಾವೂರು ತಮ್ಮಾ?"

"ತಾವರಗೇರಾ ರೀ."

"ನಮ್ಮ ಕಡೆಯವನ ಬಂದೀ ಬಿಡು. ಈ ಪಂಜಾಬಿ ಹುಡುಗರು ನಿನ್ನ ಯಮರಾಜ ಅಂತ ಕರೀತಾರ ನೋಡ್ತಿರು."

ಹಾಗೇ ಆಯಿತು. ಒಂದು ವಾರದೊಳಗೆ ಇಡೀ ಹಡಗಿಗೆ ನಾನು ಯಮರಾಜನಾದೆ.

ಮುದುಕಿಯ ಚರಿತ್ರೆಯನ್ನು ನಾನು ಯಾವ ಕಡತದಲ್ಲೂ ಓದಿದವನಲ್ಲ, ಕಳಕಪ್ಪನವರ ಬಾಯಲ್ಲಿ ಕೇಳಿದವನು. ಹೊಸಬರು ಯಾರೇ ಬರಲಿ, ಚಹಾದ ಲೋಟ ಹಿಡಿದು ಕೂತು ಆಕೆಯ ಕಥೆ ಶುರು ಮಾಡುತ್ತಿದ್ದರು. ಹುಡುಗರಿಗೆ ಹಿಂದಿಯಲ್ಲಿ, ನನಗೆ ಕುಕನೂರಿನ ಮಾತಿನಲ್ಲಿ.

"ಈಕಿ ಹುಟ್ಟಿದ್ದು ಹಿಮದಾಗ ತಮ್ಮಾ, ರಷ್ಯಾದವರ ಕಾರಖಾನ್ಯಾಗ. ಕರಕೊಂಡು ಬರಾಕ ಹೋದ ನಮ್ಮ ಮಂದಿ ಮೂಗಿನ ತುದಿ ಸೈತ ಮರಗಟ್ಟಿತ್ತಂತ. ಅಂಥಾಕಿ ನಮ್ಮ ಬಿಸಲಿಗೆ ಬಂದು, ಮೊದಲನೇ ವರ್ಷ ಬರೇ ಬೆವತಾಳ. ಎಲ್ಲಿ ಕೈ ಇಟ್ರ ಅಲ್ಲಿ ನೀರು. ಆಮ್ಯಾಲ ರೂಢಿ ಆತು ನೋಡು, ಗಟ್ಟಿ ಆದ್ಲು."

ಉತ್ಪ್ರೇಕ್ಷೆ ಇರುತ್ತಿತ್ತು, ನಿಜ. ಆದರೆ ಬೇರೆ ಹಿರಿಯರಲ್ಲಿ ವಿಚಾರಿಸಿದಾಗ ಮೂಲ ಸಂಗತಿಗಳೆಲ್ಲ ಖರೆ ಇದ್ದವು. ಹರೆಯದಲ್ಲಿ ಆಕೆ ಪಡೆಯ ಅತಿ ವೇಗದ ಹಡಗುಗಳಲ್ಲಿ ಒಂದು. ಬೇರೆ ದೇಶದ ನೌಕೆಗಳು ಅಭ್ಯಾಸಕ್ಕೆ ಬಂದಾಗ ಮುಂದೆ ನಿಲ್ಲಿಸುತ್ತಿದ್ದದ್ದು ಆಕೆಯನ್ನೇ. ಮುಂದೆ ನಡುವಯಸ್ಸಿನಲ್ಲಿ ಆಕೆಯ ಮೈ ಬಿಚ್ಚಿ ಹೊಸ ಕ್ಷಿಪಣಿಗಳನ್ನು ಕೂಡಿಸಿದರು. ಸುನಾಮಿ ಬಂದಾಗ ದ್ವೀಪದವರಿಗೆ ಕುಡಿಯುವ ನೀರು ಹೊತ್ತೊಯ್ದಳು. ಕಡಲುಗಳ್ಳರ ಕಾಟವಿದ್ದ ನೀರಿನಲ್ಲಿ ವ್ಯಾಪಾರದ ಹಡಗುಗಳಿಗೆ ಕಾವಲು ಹೋದಳು. ಒಂದು ದೇಶದಲ್ಲಿ ಯುದ್ಧ ಹತ್ತಿ, ಅಲ್ಲಿ ದುಡಿಯಲು ಹೋದ ನಮ್ಮವರು ಸಿಕ್ಕಿಬಿದ್ದಾಗ, ಬಂದರಿನ ಆಚೆ ಗುಂಡಿನ ಸದ್ದು ಕೇಳುತ್ತಿರುವಾಗಲೇ ಒಳಗೆ ಹೋಗಿ ಡೆಕ್ಕಿನ ತುಂಬ ಜನರನ್ನು ಹತ್ತಿಸಿಕೊಂಡು ಬಂದಳು. ಆ ಸಲ ಕಳಕಪ್ಪನವರು ಆಕೆಯ ಮೇಲೇ ಇದ್ದರು. ಒಬ್ಬ ಹೆಣ್ಣುಮಗಳು ಬಟ್ಟೆಬರೆ ಎಲ್ಲ ಬಿಟ್ಟು ಹೊಲಿಗೆ ಯಂತ್ರ ಒಂದನ್ನೇ ತಬ್ಬಿಕೊಂಡು ಏಣಿ ಹತ್ತಿದ್ದನ್ನು ಅವರು ಹೇಳುವಾಗ ದನಿ ಸ್ವಲ್ಪ ತಗ್ಗುತ್ತಿತ್ತು.

"ಹೆಸರು ನೋಡಿದ್ರ ವಿಧ್ವಂಸಕ" ಎನ್ನುತ್ತಿದ್ದರು. "ಮಾಡಿದ್ದೆಲ್ಲ ಮಂದೀನ ದಂಡಿಗೆ ಹಚ್ಚೂ ಕೆಲಸ. ಯುದ್ಧಕ್ಕ ಅಂತ ಜೀವಮಾನ ಪೂರ್ತಿ ತಯಾರಾಗಿ ನಿಂತ್ಲು. ನಿಂತಿದ್ದಕ್ಕ ಯಾರೂ ಮ್ಯಾಲ ಬರಲಿಲ್ಲ. ಅದೂ ಒಂದು ಗೆಲುವ ಹೌದಲ್ಲೋ?"

ಆ ವರ್ಷ ಮಳೆಗಾಲಕ್ಕೆ ಮುಂಚೆಯೇ ಆದೇಶ ಬಂದಿತ್ತು. ಮುದುಕಿ ನಿವೃತ್ತಳಾಗಬೇಕು. ಅದೊಂದು ಹಂಗಾಮು ಪಶ್ಚಿಮ ಕರಾವಳಿಯಲ್ಲಿ ಕಾರವಾರದ ನೆಲೆಯಿಂದ ಗಸ್ತು ತಿರುಗಿ, ಬೇಸಿಗೆಯ ಹೊತ್ತಿಗೆ ಮುಂಬಯಿಗೆ ಹೋಗಿ ಬಾವುಟ ಇಳಿಸುವುದು ಎಂದು ತೀರ್ಮಾನವಾಗಿತ್ತು. ಆಕೆಯನ್ನು ಓಡಿಸುವ ನಾಲ್ಕು ಗ್ಯಾಸ್ ಟರ್ಬೈನುಗಳಲ್ಲಿ ಒಂದಕ್ಕೆ ಬೀಗ ಬಿದ್ದಾಗಿತ್ತು, ಬಿಡಿಭಾಗ ಸಿಗುತ್ತಿರಲಿಲ್ಲ. ಕಳಕಪ್ಪನವರ ನಿವೃತ್ತಿಯೂ ಅದೇ ಹೊತ್ತಿಗೆ ಬಂದಿತ್ತು. ನನ್ನ ಸೇವೆಯೂ ಮುಗಿಯುತ್ತ ಬಂದಿತ್ತು. ನನಗೆ ದಡದ ಮೇಲೆ, ತರಬೇತಿ ಶಾಲೆಯಲ್ಲಿ ಜಾಗ ಕೊಡುತ್ತೇವೆ ಎಂದರು. ನಾನು ಒಲ್ಲೆ ಎಂದು ಹಡಗಿನಲ್ಲೇ ಉಳಿದೆ.

ದಸರೆ ಮುಗಿದ ಮೇಲೆ ರಜೆಗೆ ಊರಿಗೆ ಹೋದಾಗ ಈ ಮಾತು ಹೆಂಡತಿ ಶರಣವ್ವನಿಗೆ ಹೇಳಿದೆ. ಸಜ್ಜೆಯ ರಾಶಿ ಆಗಿತ್ತು. ಎರೆಹೊಲದಲ್ಲಿ ಬಿಳಿಜೋಳ ಬಿತ್ತಿ ಇನ್ನೂ ಮೊಳಕೆಯ ಹಾದಿ ಕಾಯುತ್ತಿದ್ದರು. ಮೇಲಿನ ಹಸಿ ಆರುತ್ತ ಬಂದಿತ್ತು, ಎಲ್ಲರೂ ಒಂದು ಹದ ಮಳೆಗೆ ಬಾನು ನೋಡುತ್ತಿದ್ದರು. ಶರಣವ್ವ ಸಜ್ಜೆ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು.

"ದಂಡ್ಯಾಗ ಕುಂದ್ರಸ್ತೀವಿ ಅಂದ್ರೂ ಒಲ್ಲೆ ಅಂದ್ರಾ? ಅದು ಮುರಿಯೂ ಹಡಗ ಅಂತ ನೀವ ಹೇಳ್ತೀರಿ. ಮುರಿಯೂದರಾಗ ಹೋಗಿ ಯಾಕ ಕುಂದ್ರತೀರಿ?"

"ಕಳಕಪ್ಪ ಅಣ್ಣಾರೊಬ್ಬರ ಆಗ್ತಾರ. ಆ ಮಶೀನಿನ ಹಕೀಕತ್ ಗೊತ್ತಿದ್ದವರು ಭಾಳ ಮಂದಿ ಉಳಿದಿಲ್ಲ."

"ಅವರಿಗೇನ್ರಿ, ಅವರು ಹಡಗಿನ ಕೂಡ ಲಗ್ನ ಆಗ್ಯಾರ. ನೀವು ಆಗಿದ್ದು ನನ್ನ ಕೂಡ."

ಹೊರಡುವ ದಿನ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ ಎರಡು ಗಂಟಾಗಿ ಕಟ್ಟಿದಳು. ಒಂದು ಗಂಟು ಕಳಕಪ್ಪನವರದು. ಸಿಟ್ಟು ಇಳಿದಿರಲಿಲ್ಲ, ಆದರೂ ಕಟ್ಟಿದಳು.

ತಾವರಗೇರಾದಿಂದ ಕುಷ್ಟಗಿ, ಅಲ್ಲಿಂದ ಹುಬ್ಬಳ್ಳಿ, ಮತ್ತೆ ಘಟ್ಟ ಇಳಿದು ಕಾರವಾರ. ನಾನು ಹಡಗು ಹತ್ತಿದ ಕೆಲವೇ ದಿನಕ್ಕೆ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿದು ಚಂಡಮಾರುತ ಎದ್ದಿತು. ಮೀನುಗಾರರಿಗೆ ಎಚ್ಚರಿಕೆ ಹೋಯಿತು, ಬಹಳ ದೋಣಿಗಳು ದಡ ಸೇರಿದವು. ಆದರೆ ಆಳ ಸಮುದ್ರಕ್ಕೆ ಹೋದ ಒಂದು ಬೋಟು ಇಂಜಿನ್ ಕೆಟ್ಟು ಗಾಳಿಯ ಹೊಡೆತಕ್ಕೆ ತೇಲುತ್ತಿದೆ ಎಂದು ಬೆಳಿಗ್ಗೆ ಸುದ್ದಿ ಬಂತು. ಹೊಸ ಹಡಗುಗಳು ಉತ್ತರದ ಕಡೆ ಬೇರೆ ಬೋಟುಗಳನ್ನು ಹುಡುಕಲು ಹೋಗಿದ್ದವು. ಹತ್ತಿರ ಇದ್ದವಳು ನಮ್ಮ ಮುದುಕಿ.

ಕ್ಯಾಪ್ಟನ್ ಸಾಹೇಬರು ತಾವೇ ಇಂಜಿನ್ ಕೋಣೆಗೆ ಇಳಿದು ಬಂದರು. ಅವರು ತೆಲುಗಿನವರು, ಮಿತ ಮಾತಿನ ಮನುಷ್ಯ. ಮೂರು ಟರ್ಬೈನುಗಳ ಮೇಲೆ ಆ ಸಮುದ್ರದಲ್ಲಿ ಪೂರ್ತಿ ವೇಗ ಹೋಗಬಹುದೇ ಎಂದು ಕಳಕಪ್ಪನವರನ್ನು ಕೇಳಿದರು. ಆಗದು ಎಂದಿದ್ದರೆ ತಪ್ಪು ಹಿಡಿಯುವವರು ಯಾರೂ ಇರಲಿಲ್ಲ. ಆ ಹಡಗಿನಿಂದ ಇನ್ನು ಯಾರೂ ಏನನ್ನೂ ನಿರೀಕ್ಷಿಸಿರಲಿಲ್ಲ. ಕಳಕಪ್ಪನವರು ಹಿಂದಿಯಲ್ಲಿ, "ಹೋಗುತ್ತಾಳೆ ಸರ್" ಎಂದರು. ಕ್ಯಾಪ್ಟನ್ ಮೇಲೆ ಹೋದ ಮೇಲೆ ನನ್ನ ಕಡೆ ತಿರುಗಿದರು.

"ಹೋಗ್ತಾಳ ಅಂತ ಹೇಳೀನಿ. ಹೋಗಾಕ ಬೇಕು. ತಿಳೀತಿಲ್ಲೋ?"

ಇಂಜಿನ್ ಕೋಣೆಯವರಿಗೆ ಸಮುದ್ರ ಕಾಣುವುದಿಲ್ಲ. ಮೇಲೆ ಬಿರುಗಾಳಿ ಇರಲಿ, ಹುಣ್ಣಿಮೆ ಇರಲಿ, ನಮಗೆ ಕಾಣುವುದು ಕಬ್ಬಿಣದ ಗೋಡೆ, ಕೊಳವೆಗಳು, ಗಡಿಯಾರದಂಥ ಮುಳ್ಳುಗಳು. ಸಮುದ್ರ ಹೇಗಿದೆ ಎಂಬುದನ್ನು ಕಾಲಿನಿಂದ ತಿಳಿಯಬೇಕು. ಅಂದು ಮುದುಕಿ ಎದ್ದು ಬೀಳುತ್ತಿದ್ದಳು. ಏರುವಾಗ ಮೊಣಕಾಲು ಮಡಚುತ್ತಿದ್ದವು, ಇಳಿಯುವಾಗ ಪಾದ ನೆಲ ಬಿಡುತ್ತಿದ್ದವು. ಎರಡು ಸಲ ವಾಂತಿ ಮಾಡಿಕೊಂಡೆ. ಕಿವಿಗೆ ಮುಚ್ಚಳ ಹಾಕಿದ್ದರೂ ಟರ್ಬೈನಿನ ಕೂಗು ಹಲ್ಲಿನಲ್ಲಿ ಕೇಳುತ್ತಿತ್ತು. ಬಾಯಿ ಮಾತು ನಡೆಯುವುದಿಲ್ಲ, ಎಲ್ಲ ಕೈಸನ್ನೆ. ಆದರೂ ಹೇಳಬೇಕು, ಹಳೆಯ ಯಂತ್ರಗಳು ಅಂದು ನಡೆದ ರೀತಿ! ತಿಂಗಳುಗಟ್ಟಲೆ ನಾವು ಕೈಯಲ್ಲಿ ಹಿಡಿದು ನಡೆಸಿದ ಮುದುಕಿ, ಕೈ ಕೊಡವಿಕೊಂಡು ಓಡಿದಂತಿತ್ತು. ಕಳಕಪ್ಪನವರು ಆಗಾಗ ಯಂತ್ರದ ಮೈ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು, ಜ್ವರ ನೋಡುವವರ ಹಾಗೆ.

ಮಧ್ಯಾಹ್ನದ ಹೊತ್ತಿಗೆ ಬೋಟು ಕಂಡಿತೆಂದು ಮೇಲಿನಿಂದ ಸುದ್ದಿ ಬಂತು. ವೇಗ ತಗ್ಗಿಸಿ ಅದರ ಪಕ್ಕಕ್ಕೆ ಸರಿಯಬೇಕು. ಅಲೆಯಲ್ಲಿ ಇದು ಅತಿ ನಾಜೂಕಿನ ಕೆಲಸ. ಯಂತ್ರ ಒಂದು ಕ್ಷಣ ಮಾತು ತಪ್ಪಿದರೆ ಅಷ್ಟು ದೊಡ್ಡ ಉಕ್ಕಿನ ಹಡಗು ಆ ಮರದ ಬೋಟಿನ ಮೇಲೇ ಕೂತುಬಿಡುತ್ತದೆ.

ಆಗಲೇ ಎಣ್ಣೆಯ ಕೊಳವೆ ಸೀಳಿತು.

ಮೊದಲು ನೀಲಿ ಹೊಗೆ, ಆಮೇಲೆ ವಾಸನೆ. ಬೆಸುಗೆ ಹಾಕಿದ ಕಡೆ ಕೂದಲೆಳೆಯಷ್ಟು ಬಿರುಕು. ಅದರಿಂದ ಬಿಸಿ ಎಣ್ಣೆ ಸಣ್ಣಗೆ ಚಿಮ್ಮಿ ಟರ್ಬೈನಿನ ಕಾದ ಕವಚದ ಕಡೆ ಹೋಗುತ್ತಿತ್ತು. ಎಣ್ಣೆ ಅಲ್ಲಿ ಹೊತ್ತಿಕೊಂಡರೆ ಇಂಜಿನ್ ಕೋಣೆಯೇ ಒಲೆ. ನಿಯಮದ ಪ್ರಕಾರ ಆ ಟರ್ಬೈನು ಕೂಡಲೇ ನಿಲ್ಲಿಸಬೇಕು. ನಿಲ್ಲಿಸಿದರೆ ಹಡಗನ್ನು ನೂಕುವ ಎರಡು ತಿರುಗಣಿಗಳಲ್ಲಿ, ಅಂದರೆ ಪ್ರೊಪೆಲ್ಲರುಗಳಲ್ಲಿ, ಆ ಕಡೆಯದು ನಿಲ್ಲುತ್ತದೆ. ಬೀಗ ಬಿದ್ದ ಟರ್ಬೈನು ಇದ್ದದ್ದೂ ಅದೇ ಕಡೆ. ಒಂದೇ ಕಡೆಯ ತಿರುಗಣಿಯಿಂದ ಆ ಅಲೆಯಲ್ಲಿ ಹಡಗನ್ನು ಬೋಟಿನ ಪಕ್ಕ ನಿಲ್ಲಿಸುವುದು ಸಾಧ್ಯವಿರಲಿಲ್ಲ.

ಕಳಕಪ್ಪನವರು ಫೋನ್ ಹಿಡಿದರು. ಆ ಕಡೆಯಿಂದ ಕ್ಯಾಪ್ಟನ್ ಏನು ಕೇಳಿದರೋ, ಇವರು ಎಣ್ಣೆಯ ಸಂಗತಿ ಮುಚ್ಚಿಡದೆ ಹೇಳಿ, "ಆ ಜನರನ್ನು ಹತ್ತಿಸಿಕೊಳ್ಳುವವರೆಗೆ ನಡೆಸುತ್ತೇನೆ ಸರ್, ಬೆಂಕಿ ಕಂಡರೆ ನಿಲ್ಲಿಸುತ್ತೇನೆ" ಎಂದರು. ಕ್ಯಾಪ್ಟನ್ ಒಪ್ಪಿದರು. ಬೆಂಕಿ ಆರಿಸುವ ನೊರೆಯ ಕೊಳವೆ ಕೊಟ್ಟು ಇಬ್ಬರು ಹುಡುಗರನ್ನು ಹಿಂದೆ ನಿಲ್ಲಿಸಿದರು, ಫೋನಿಗೆ ಇನ್ನೊಬ್ಬನನ್ನು. ಉಳಿದವರನ್ನು ಹೊರಗೆ ಕಳಿಸಿದರು. ನನ್ನನ್ನು ಕಳಿಸಲಿಲ್ಲ.

ಕರ್ತವ್ಯದ ಮೇಲೆ ಆಜ್ಞೆ ಯಾವಾಗಲೂ ಹಿಂದಿಯಲ್ಲಿ. ಅಂದು ಅವರು ನನ್ನ ಕಿವಿಯ ಮುಚ್ಚಳ ಸರಿಸಿ ಒದರಿದ್ದು ಊರ ಮಾತಿನಲ್ಲಿ. "ಯಮನೂರ್ಯಾ, ರಬ್ಬರ್ ಪಟ್ಟಿ ಇಡತೀನಿ, ನೀ ಮ್ಯಾಲಿಂದ ಹಿಡಿ. ನಾ ಬೋಲ್ಟ್ ಬಿಗೀತೀನಿ. ಸುಟ್ರೂ ಬಿಡಬ್ಯಾಡ!"

ಮೈ ತಾಗಿದ ಕಡೆ ಸುಡುತ್ತಿತ್ತು. ರಬ್ಬರಿನ ದಪ್ಪ ಹಾಳೆಯನ್ನು ಬಿರುಕಿನ ಮೇಲೆ ಒತ್ತಿ ಹಿಡಿದೆ, ಅದರ ಮೇಲೆ ಉಕ್ಕಿನ ಪಟ್ಟಿ. ಕೈಗವಸಿನೊಳಗೆ ಎಣ್ಣೆ ಇಳಿಯಿತು. ಹಡಗು ಓಲಿದಾಗಲೆಲ್ಲ ಕಳಕಪ್ಪನವರ ಕೈಯ ಪಾನಾ ಬೋಲ್ಟಿನಿಂದ ಜಾರುತ್ತಿತ್ತು, ಮತ್ತೆ ಹಿಡಿಯುತ್ತಿದ್ದರು. ಒಮ್ಮೆ ಅವರ ಮುಂಗೈ ಕಾದ ಕವಚಕ್ಕೆ ತಾಗಿ ಚರ್ಮ ಅಂಟಿದ್ದನ್ನು ನೋಡಿದೆ. ಅವರು ಕೈ ಹಿಂದಕ್ಕೆ ಎಳೆಯಲಿಲ್ಲ. ಬೋಲ್ಟು ಪೂರ್ತಿ ಬಿಗಿದ ಮೇಲೆಯೇ ಎಳೆದದ್ದು. ಚಿಮ್ಮುತ್ತಿದ್ದ ಎಣ್ಣೆ ಹನಿಗೆ ಇಳಿಯಿತು. ಆ ಹನಿಯ ಕೆಳಗೆ ಹಸಿ ಗೋಣಿ ತುರುಕಿ ಅಲ್ಲೇ ಕೂತೆವು, ನಾನೊಂದು ಕಡೆ ಅವರೊಂದು ಕಡೆ.

ಮೇಲೆ ಹಗ್ಗದ ಬಲೆ ಇಳಿಸಿ ಮೀನುಗಾರರನ್ನು ಎಳೆದುಕೊಳ್ಳುತ್ತಿದ್ದಾರೆ ಎಂಬುದು ನಮಗೆ ಗೊತ್ತಾಗುತ್ತಿದ್ದದ್ದು ಫೋನ್ ಹಿಡಿದು ನಿಂತ ಒಡಿಯಾ ಹುಡುಗನಿಂದ. ಒಬ್ಬರು ಮೇಲೆ ಬಂದಾಗ ಅವನು ಹೆಬ್ಬೆರಳು ಎತ್ತುತ್ತಿದ್ದ. ಮತ್ತೊಬ್ಬರು, ಮತ್ತೆ ಹೆಬ್ಬೆರಳು. ಪ್ರತಿ ಸಲ ಕಳಕಪ್ಪನವರು ಸುಟ್ಟ ಕೈಯಿಂದಲೇ ಕಬ್ಬಿಣದ ಕಂಬ ತಟ್ಟುತ್ತಿದ್ದರು. ಏಳು ಸಲ ಎತ್ತಿದ. ಆಮೇಲೆ ಫೋನ್ ಹಿಡಿದೇ ನಿಂತ, ಕೈ ಏಳಲಿಲ್ಲ. ಬೋಟಿನಲ್ಲಿದ್ದವರು ಎಂಟು ಮಂದಿ. ಬೋಟು ನಡೆಸುವ ತಂಡೇಲ ಎಲ್ಲರನ್ನೂ ಮುಂದೆ ಹತ್ತಿಸಿ, ತಾನು ಹಗ್ಗ ಹಿಡಿಯುವ ಹೊತ್ತಿಗೆ ಅಲೆಗೆ ಹೋಗಿದ್ದ.

ಕ್ಯಾಪ್ಟನ್ ಹಿಂದಿರುಗಲಿಲ್ಲ. ಮುದುಕಿಯ ಸ್ಥಿತಿ ನೋಡಿ ದಡಕ್ಕೆ ಬರಬಹುದು ಎಂದು ನೆಲೆಯಿಂದ ಅನುಮತಿ ಇತ್ತು. ಅವರು ಕಳಕಪ್ಪನವರಿಗೆ ಫೋನ್ ಮಾಡಿ ಹುಡುಕೋಣವೇ ಎಂದು ಕೇಳಿದರು. ಇಂಜಿನಿನ ಮಾತು ಇಲ್ಲದೆ ಅಂಥ ತೀರ್ಮಾನ ಆಗುವುದಿಲ್ಲ. ಆ ಹೊತ್ತಿಗೆ ಕಳಕಪ್ಪನವರ ಕೈಗೆ ಪಟ್ಟಿ ಸುತ್ತಿದ್ದರು. "ನಡೆಯುತ್ತಾಳೆ ಸರ್" ಎಂದರು. ಎಣ್ಣೆ ಹನಿಯುತ್ತ, ಗೋಣಿ ಬದಲಿಸುತ್ತ, ಮರುದಿನ ಹೊತ್ತು ಇಳಿಯುವವರೆಗೆ ಆ ಸಮುದ್ರವನ್ನು ಸುತ್ತು ಹಾಕಿದೆವು. ತಂಡೇಲ ಸಿಗಲಿಲ್ಲ.

ಹುಡುಕುವ ನಡುವೆಯೇ ನನಗೆ ಮೇಲಿನಿಂದ ಕರೆ ಬಂತು. ಬದುಕಿ ಬಂದವರಲ್ಲಿ ಒಬ್ಬನ ತೋಳು ಮುರಿದಿದೆ, ಅವನ ಮಾತು ಯಾರಿಗೂ ತಿಳಿಯುತ್ತಿಲ್ಲ, ಕನ್ನಡದವರು ಬೇಕು ಎಂದರು. ಊಟದ ಕೋಣೆಯಲ್ಲಿ ಕಂಬಳಿ ಹೊದಿಸಿ ಕೂರಿಸಿದ್ದರು. ಮೂವತ್ತರ ಆಸುಪಾಸಿನ ಆಳು. ತುಟಿ ಉಪ್ಪಿಗೆ ಒಡೆದಿತ್ತು. ನಾನು ಹತ್ತಿರ ಕೂತು, ಏನು ಬೇಕಪ್ಪ ಎಂದು ಕೇಳಿದೆ.

"ಯಪ್ಪಾ, ಒಂದೀಟು ಚಾ ಐತೇನ್ರಿ? ಇವರು ಬರೇ ಸೂಪ ಕೊಡಾಕ ಹತ್ಯಾರ."

ಆ ರಾಗ ಕರಾವಳಿಯದಲ್ಲ. "ಯಾವೂರಪ್ಪಾ ನಿಂದು?" ಎಂದೆ.

"ಕುಷ್ಟಗಿ ಕಡೆ ರೀ. ತಾವರಗೇರಾ ಸಂತಿಗೆ ಬರೂ ಮಂದಿ ನಾವು. ದುರಗಪ್ಪ ಅಂತ. ಮಲ್ಪ್ಯಾಗ ಬೋಟಿಗೆ ದುಡಿಯಾಕ ಬಂದೀನ್ರಿ, ಮೂರು ವರ್ಷ ಆತು."

ನಮ್ಮ ಕಡೆಯವರು ಬಹಳ ಜನ ಮಲ್ಪೆ, ಮಂಗಳೂರಿಗೆ ಬೋಟಿನ ಕೆಲಸಕ್ಕೆ ಹೋಗುತ್ತಾರೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಅದನ್ನು ಹೀಗೆ ಎದುರಿಗೆ ಕಾಣುತ್ತೇನೆಂದು ಎಣಿಸಿರಲಿಲ್ಲ. ನಾನು ಚಹಾ ತರಿಸಿ ಕುಡಿಸಿದೆ. ನನ್ನ ಹೆಸರು ಹೇಳಿದಾಗ ಅವನ ಕಣ್ಣು ಅರಳಿದವು. "ನಮ್ಮ ಸೀಮ್ಯಾವರು ಅದೀರೇನ್ರಿ ಈ ಹಡಗಿನ್ಯಾಗ!" ಎಂದು ಒಳ್ಳೆಯ ಕೈಯಿಂದ ನನ್ನ ಮುಂಗೈ ಹಿಡಿದ. ಆಮೇಲೆ ಸಣ್ಣಗೆ ಕೇಳಿದ. "ನಮ್ಮ ತಂಡೇಲರು ಸಿಕ್ರೇನ್ರಿ? ನಂಗ ಈಸು ಕಲಿಸಿದವರು ಅವರ. ಬಗಲಾಗ ಕೈ ಹಾಕಿ ಬಲಿ ಮ್ಯಾಲ ಎತ್ತಿ ಹಾಕಿದ್ರು. ನಾ ತಿರುಗಿ ನೋಡೂದ್ರಾಗ..."

"ಹುಡುಕಾಕ ಹತ್ಯಾರ" ಎಂದೆ.

ಕಳಕಪ್ಪನವರೂ ಬಂದರು. ಶರಣವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು ಇನ್ನೂ ಇತ್ತು, ಒಣಗಿದ ಕಟಕ ರೊಟ್ಟಿ ಕೆಡುವುದಿಲ್ಲವಲ್ಲ. ಅದನ್ನು ಬಿಚ್ಚಿ ಅವನ ಮುಂದಿಟ್ಟರು. ಪಟ್ಟಿ ಸುತ್ತಿದ ಕೈ ಒಬ್ಬರದು, ಕಟ್ಟಿ ತೂಗುಹಾಕಿದ ತೋಳು ಇನ್ನೊಬ್ಬನದು. ಇಬ್ಬರೂ ಒಂದೊಂದೇ ಕೈಯಿಂದ ರೊಟ್ಟಿ ಮುರಿದು ತಿಂದರು. ಇಷ್ಟು ದೇಶ ಸುತ್ತಿ, ಇಷ್ಟು ಜನರನ್ನು ಹೊತ್ತು ತಂದ ಹಡಗು ತನ್ನ ಕಡೆಯ ಹಂಗಾಮಿನಲ್ಲಿ ನಮ್ಮ ಎರೆಸೀಮೆಯವನೊಬ್ಬನನ್ನು ನೀರಿನಿಂದ ಎತ್ತಿತ್ತು.

ಕಾರವಾರ ಮುಟ್ಟಿದ ಕೂಡಲೇ ಶರಣವ್ವನಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮುಂಚೆ ಅವಳೇ, "ಇಲ್ಲಿ ಎರಡು ದಿನ ಜಡಿ ಹಿಡದಿತ್ರಿ, ಛಲೋ ಹದ ಆಗೇತಿ, ಜ್ವಾಳ ಎದ್ದು ನಿಂತಾವ" ಎಂದಳು. ಅದೇ ಚಂಡಮಾರುತದ ಅಂಚು ಅಲ್ಲಿಯವರೆಗೆ ಹೋಗಿತ್ತು. ನಾನು ಆಮೇಲೆ ನಡೆದದ್ದೆಲ್ಲ ಹೇಳಿದೆ. "ಆ ಹುಡುಗನ ಮನ್ಯಾವರಿಗೆ ಯಾರರ ತಿಳಿಸ್ಯಾರೇನು? ನಾ ಹೋಗಿ ಹೇಳಿ ಬರತೀನಿ" ಎಂದಳು. ಹೋದಳು ಕೂಡ. ದಡದ ನೌಕರಿಯ ಮಾತನ್ನು ಆಮೇಲೆ ಅವಳು ಯಾವತ್ತೂ ಎತ್ತಲಿಲ್ಲ.

ಬೇಸಿಗೆಯ ಹೊತ್ತಿಗೆ ಮುದುಕಿ ತನ್ನ ಕಾಲ ಮೇಲೆಯೇ ಮುಂಬಯಿಗೆ ಹೋದಳು. ಎಳೆದುಕೊಂಡು ಹೋಗೋಣ ಎಂಬ ಮಾತೂ ಬಂದಿತ್ತು, ಕಳಕಪ್ಪನವರು ಒಪ್ಪಲಿಲ್ಲ. ಬಂದರಿನಲ್ಲಿ ಕಟ್ಟಿದ ಮೇಲೆ ಟರ್ಬೈನುಗಳನ್ನು ಕಡೆಯ ಸಲ ನಿಲ್ಲಿಸುವ ಗುಂಡಿ ಅವರೇ ಒತ್ತಿದರು. ಆ ಕೂಗು ಮೆಲ್ಲಗೆ ಇಳಿಯುತ್ತ ಇಳಿಯುತ್ತ, ಉಸಿರಿನಷ್ಟಾಗಿ, ನಿಂತಿತು. ಮಾತಿನ ಮಲ್ಲರಾದ ಅವರು ಏನಾದರೂ ಹೇಳುತ್ತಾರೆಂದು ಹುಡುಗರೆಲ್ಲ ನೋಡುತ್ತಿದ್ದರು. ಅವರು ಯಂತ್ರದ ಮೈ ಮೇಲೆ ಅಂಗೈ ಇಟ್ಟು, ಅದು ತಣ್ಣಗಾಗುವವರೆಗೂ ಹಾಗೇ ನಿಂತಿದ್ದರು.

ಬಾವುಟ ಇಳಿಸುವ ದಿನ ಕುಕನೂರಿನಿಂದ ಅವರ ಮಡದಿ ಗಿರಿಜಮ್ಮ, ತಾವರಗೇರಾದಿಂದ ಶರಣವ್ವ ಬಂದಿದ್ದರು. ಇಬ್ಬರೂ ಇಳಕಲ್ ಸೀರೆ ಉಟ್ಟಿದ್ದರು. ಹಡಗಿನ ಹಿಂಭಾಗದಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಕಹಳೆ ಊದಿ, ಬಾವುಟವನ್ನು ನಿಧಾನವಾಗಿ ಇಳಿಸಿದರು. ಈ ಹಿಂದೆ ಆಕೆಯ ಮೇಲೆ ಕೆಲಸ ಮಾಡಿದ್ದ ಮುದುಕರು ಗಾಲಿಕುರ್ಚಿಯಲ್ಲಿ, ಕೋಲು ಹಿಡಿದು ಬಂದಿದ್ದರು. ಹಿಮದಲ್ಲಿ ಆಕೆಯನ್ನು ಕರೆತಂದವರೂ ಇದ್ದರು. ಎಲ್ಲರೂ ನೆಟ್ಟಗಾಗಿ ಸಲಾಮು ಹೊಡೆದರು. ಗಿರಿಜಮ್ಮನವರು ಮೆಲ್ಲಗೆ ಶರಣವ್ವನಿಗೆ ಹೇಳಿದ್ದು ನನಗೂ ಕೇಳಿಸಿತು. "ಎಷ್ಟು ವರ್ಷ ಈಕಿನ್ನ ಸವತಿ ಅಂತ ಬೈದೀನಿ ತಂಗಿ. ಈಗ ನೋಡಿದ್ರ ಕರುಳ ಚುರ್ ಅಂತೈತಿ."

ಕಳಕಪ್ಪನವರು ಮನೆಗೆ ಹೋದರು. ಕೆಲವು ತಿಂಗಳಿಗೆ ನಾನೂ ಸೇವೆ ಮುಗಿಸಿ ಊರಿಗೆ ಬಂದೆ. ಮುದುಕಿಯನ್ನು ಒಡೆಯಲು ಕೊಟ್ಟರು. ಹಡಗುಗಳಿಗೆ ಮಣ್ಣು ಕೊಡುವುದು ಹಾಗೆಯೇ.

ಅದೇ ವರ್ಷ ಮುಂಗಾರಿನ ಅಬ್ಬರ ತಗ್ಗಿ ಸಮುದ್ರಕ್ಕೆ ಮತ್ತೆ ಬೋಟು ಬಿಡುವ ಹೊತ್ತು. ತಾವರಗೇರಾದ ಬಸ್ ನಿಲ್ದಾಣದಲ್ಲಿ ದುರಗಪ್ಪ ಸಿಕ್ಕ. ಪಕ್ಕದಲ್ಲಿ ಚೀಲ. ತೋಳು ಕೂಡಿತ್ತು, ಸ್ವಲ್ಪ ಸೊಟ್ಟ. ಮಲ್ಪೆಗೆ ಹೊರಟಿದ್ದ. ನನಗೆ ಸಿಟ್ಟೇ ಬಂತು.

"ಮತ್ತ ಅದರಾಗ ಹೊಂಟೀಯೇನೋ? ಸಾವಿನ ಬಾಯಾಗಿಂದ ಬಂದು ಇನ್ನೂ ವರ್ಷ ಆಗಿಲ್ಲ."

"ಏನ್ ಮಾಡೂದ್ರಿ ಅಣ್ಣಾರ, ಅದ ಕೆಲಸ ಕಲತೀನಿ. ತಂಡೇಲರ ಮಗ ಈ ಸಲ ಬೋಟು ನಡಸ್ತಾನಂತ. ಅವನ ಕೂಡ ಯಾರರ ಹಳಬರು ಇರಬೇಕಲ್ರಿ." ಚೀಲ ಪಕ್ಕಕ್ಕೆ ಸರಿಸಿ ಕೇಳಿದ. "ಮತ್ತ ನಿಮ್ಮ ಹಡಗ ಐತಲ್ರಿ ಅಲ್ಲಿ. ಎಲ್ಲೈತ್ರಿ ಈಗ, ಕಾರವಾರದಾಗ ಐತೇನು?"

ಇದೆ ಎಂದುಬಿಡಬಹುದಿತ್ತು. ಸಮುದ್ರಕ್ಕೆ ಹೊರಟವನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲ ದುರಗಪ್ಪಾ. ಆಕಿಗೆ ವಯಸ್ಸಾಗಿತ್ತು. ಒಡದು ಹಾಕಿದ್ರು."

"ನಮ್ಮನ್ನ ಎತ್ತಿದ್ದನ್ನ ಒಡದ್ರಾ?" ಎಂದ. ಚೀಲದ ಹಗ್ಗ ಬಿಚ್ಚಿ ಮತ್ತೆ ಕಟ್ಟಿದ. ಅವನ ಮುಖ ನೋಡಲಾರದೆ ನಾನು ಮಾತಾಡುತ್ತ ಹೋದೆ. ಅಂದು ನೊರೆಯ ಕೊಳವೆ ಹಿಡಿದು ನಮ್ಮ ಹಿಂದೆ ನಿಂತ ಹುಡುಗರು, ಹೆಬ್ಬೆರಳು ಎತ್ತಿದ ಒಡಿಯಾ ಹುಡುಗ, ಬಲೆಯಿಂದ ಅವನನ್ನು ಮೇಲೆ ಎಳೆದವರು, ಎಲ್ಲರೂ ಈಗ ಬೇರೆ ಬೇರೆ ಹಡಗುಗಳ ಮೇಲಿದ್ದಾರೆ. ಕೆಲವರು ಕಾರವಾರದಲ್ಲೇ ಇದ್ದಾರೆ. ಅವರಿಗೆ ಕೆಲಸ ಕಲಿಸಿದವರು ಕಳಕಪ್ಪನವರು, ಕಲಿಸಿದ್ದು ಆ ಹಡಗಿನ ಮೇಲೆ. ಕರೆ ಬಂದರೆ ಅವರು ಹೊರಡುತ್ತಾರೆ ಎಂದೆ.

ಕುಷ್ಟಗಿಯ ಬಸ್ಸು ಬಂದು ನಿಂತಿತು. ದುರಗಪ್ಪ ಎದ್ದು ಚೀಲ ಹೆಗಲಿಗೇರಿಸಿದ.

"ಹಂಗಂದ್ರ ಆಕಿ ಮಕ್ಕಳು ಅದಾರನ್ರಿ" ಎಂದ. "ಮತ್ತ ಏನ್ ಫಿಕೀರ ಬಿಡ್ರಿ."

ಬಸ್ಸು ತುಂಬಿತ್ತು. ಅವನು ಸೊಟ್ಟ ತೋಳಿನಿಂದಲೇ ಬಾಗಿಲ ಸರಳು ಹಿಡಿದು ಜನರ ನಡುವೆ ಜಾಗ ಮಾಡಿಕೊಂಡು ಒಳಗೆ ಹೋದ.